ಪಟ್ಟಿಯಲ್ಲಿ ಇಲ್ಲದ್ದು

ಭೂಮಿ ಎಷ್ಟು ಸಲ ನಡುಗುತ್ತದೆ ಎಂದು ಕೇಳುತ್ತಾರೆ
ಶಾಲೆಯ ಮಕ್ಕಳು, ನಮ್ಮ ಕಿಟಕಿ ಗಾಜಿಗೆ ಮೂಗು ಒತ್ತಿ.
ನೀವು ಕೇಳಿ ಮುಗಿಸುವಷ್ಟರಲ್ಲಿ ಒಂದು ಸಲ, ಅನ್ನುತ್ತೇನೆ.
ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ.
ಹಿಡಿದು, ಜಾಗ ಗುರುತಿಸಿ, ಪಟ್ಟಿಗೆ ಸೇರಿಸುವುದು
ಜಗತ್ತಿಗೆಲ್ಲ ದಿನಕ್ಕೆ ಐವತ್ತು ಚಿಲ್ಲರೆ.
ಉಳಿದವು ಲೆಕ್ಕಕ್ಕಿಲ್ಲದ ಬಡಪಾಯಿಗಳು,
ಬಂದದ್ದು ಹೋದದ್ದು ಮೀನಿಗೂ ತಿಳಿಯದು.

ನನ್ನದು ರಾತ್ರಿ ಪಾಳಿ, ಅಝೋರ್ಸಿನ ಒಂದು ಗುಡ್ಡದ ಮೇಲೆ.
ಎದುರಿನ ದ್ವೀಪ ಸಾಂವ್ ಜೋರ್ಜ್
ಒಂದು ವಸಂತದಲ್ಲಿ ಒಂದೇ ಸಮನೆ ಗುನುಗತೊಡಗಿತು,
ರಾತ್ರಿಗೆ ಇನ್ನೂರು, ಮುನ್ನೂರು.
ಫೋನು ಕೆಳಗಿಡಲು ಬಿಡರು ಜನ:
ಈಗ ಬಂತಲ್ಲ, ಎಷ್ಟು? ಎಲ್ಲಿ? ಎಷ್ಟು ಆಳ?
ಎರಡು ಪಾಯಿಂಟ್ ಆರು ಅಂದರೆ ಉಸಿರು ಬಿಡುತ್ತಾರೆ,
ಕತ್ತಲಲ್ಲಿ ಎದುರಾದವನು ಗುರುತಿನವನೇ ಆದಂತೆ.

ಲಿದುಯೀನಾ ಮಾತ್ರ ಕೇಳುವುದಿಲ್ಲ, ಹೇಳುತ್ತಾಳೆ.
'ಮೂರು ಹನ್ನೆರಡಕ್ಕೆ ಒಂದು. ಬರಕೋ.'
ಅವಳ ಚೀಸು ಮಾಗುವ ನೆಲಮಾಳಿಗೆಯಲ್ಲಿ
ನಮ್ಮದೊಂದು ಯಂತ್ರ ಹೂತಿದ್ದೇವೆ,
ದ್ವೀಪದಲ್ಲಿ ಅಷ್ಟು ನಿಶ್ಶಬ್ದದ ಜಾಗ ಇನ್ನೊಂದಿಲ್ಲವೆಂದು.
ಬಾಡಿಗೆ ಬೇಡ ಅಂದಳು; ಬೆಳಗಾದರೆ ಪಟ್ಟಿ ಓದಿಹೇಳಬೇಕು, ಅಷ್ಟೆ.
ತನಗೆ ಗೊತ್ತಾದ ಒಂದೊಂದಕ್ಕೂ
ಬಾಗಿಲ ಹಿಂದೆ ಒಂದು ಸೀಮೆಸುಣ್ಣದ ಗೀಟು.
ನಾನು ಓದುತ್ತೇನೆ, ಅವಳು ಹೂಂ ಅನ್ನುತ್ತಾಳೆ.
ತಪ್ಪಿಹೋದದ್ದು ಸಿಕ್ಕರೆ ಬೈಗುಳ:
'ಹಾಲು ಕರೆಯುತ್ತಿದ್ದೆ, ಹಸು ಮಿಸುಕಿತು ಅಂದುಕೊಂಡೆ,
ಕಳ್ಳ ಮುಂಡೇದು!'

ಒಂದು ಬುಧವಾರ: 'ನಾಲ್ಕು ನಲವತ್ತರದ್ದು ಓದಲಿಲ್ಲ ನೀನು.'
ಇಲ್ಲವಲ್ಲ, ಅಂದೆ.
'ಸರಿಯಾಗಿ ನೋಡು. ಕೈಯಲ್ಲಿದ್ದ ತಟ್ಟೆ ಗಲಗಲ ಅಂದಿತು.'

ಅವಳ ನೆಲಮಾಳಿಗೆಯ ದಾಖಲೆ ತೆರೆದು ನೋಡಿದೆ.
ಇತ್ತು, ಏನೋ ಇತ್ತು. ಭೂಮಿಯದಲ್ಲ.
ಚೀಸು ಮಗುಚಲು ಇಳಿದುಬರುವ ಅವಳದೇ ಹೆಜ್ಜೆ,
ಗದ್ದಲವೆಂದು ನಾವು ದಿನಾ ಸೋಸಿ ಚೆಲ್ಲುವಂಥದ್ದು.
ಚೆಲ್ಲುವ ಮೊದಲು ಹಳೆಯವನ್ನೂ ಒಮ್ಮೆ ಸಾಲಾಗಿ ಇಟ್ಟೆ.
ಹೋದ ವರ್ಷ ಧಪ್ ಧಪ್, ಜೋಡೆತ್ತಿನ ಹಾಗೆ.
ಚಳಿಗಾಲದಿಂದ ಈಚೆಗೆ ಎಡಗಾಲು ತುಸು ತಡ,
ಎಳೆದುಕೊಂಡು ಬಂದ ಗೆರೆ,
ನಡುವೆ, ನಿಂತಲ್ಲೇ ನಿಂತುಬಿಟ್ಟ ಒಂದು ಖಾಲಿ ಜಾಗ.

ಬ್ಯಾಟರಿ ಬದಲಿಸುವ ನೆಪ ಹೂಡಿ ಶನಿವಾರದ ದೋಣಿ ಹತ್ತಿದೆ.
ಬಾಗಿಲು ಸರಿಸಿ ಹಿಂದೆ ನೋಡಿದೆ.
ಹಳೇ ಗೀಟುಗಳು ನೂಲು ಹಿಡಿದಷ್ಟು ನೆಟ್ಟಗೆ.
ಈಚಿನವು ನಮ್ಮ ಸೂಜಿ ಬರೆದಂತೆ.

ಕಾಫಿ ತಂದಳು. ಬಟ್ಟಲು ಬಸಿಯ ಮೇಲೆ ಕಿಣಿಕಿಣಿ.
ಇಬ್ಬರೂ ತಲೆಯೆತ್ತಿ ನೋಡಿದೆವು:
ತಂತಿಗೆ ತೂಗುಬಿದ್ದ ದೀಪ ಅಲ್ಲಾಡಲಿಲ್ಲ,
ಹಲಗೆಯ ಮೇಲೆ ಚೀಸಿನ ಹಳದಿ ಗಾಲಿಗಳು ಗಮ್ಮನೆ ಕೂತಿದ್ದವು.
'ನೋಡಿದೆಯಾ, ಈಗಲೂ ಬಂತು' ಅಂದಳು,
'ಇದನ್ನೂ ಬಿಟ್ಟುಬಿಡುತ್ತದೋ ನಿನ್ನ ಯಂತ್ರ?'

ಮಂಗಳವಾರ ಡಾಕ್ಟರು ಬರುತ್ತಾರಂತೆ, ಎಂದೇನೋ ಶುರುಮಾಡಿದೆ.
ಅವಳ ಕಣ್ಣು ನನ್ನ ಮುಖ ಬಿಟ್ಟು ಕದಲಲಿಲ್ಲ.
ಗಡಿಯಾರ ನೋಡಿದೆ. ಹತ್ತು ಇಪ್ಪತ್ತೇಳು.
ಸೀಮೆಸುಣ್ಣ ಎತ್ತಿಕೊಂಡು
ಅವಳ ಕೊನೆಯ ಗೀಟಿನ ಪಕ್ಕ ನಾನೇ ಒಂದು ಎಳೆದೆ.

ನೆಟ್ಟಗೆ ಎಳೆಯಬೇಕೆಂದಿದ್ದೆ.