ಕಾವು

ಚರ್ಚಿನ ಹಾಲ್‌ನವರು ನಲವತ್ತು ಡಾಲರಿಗೆ ಮಾರಿದ ಫ್ರಿಜ್ಜು.
ಬಾಗಿಲಿಗೆ ಇನ್ನೂ ಅಂಟಿಕೊಂಡಿದೆ
‘ಹಾಲಿನ ದುಡ್ಡು ಡಬ್ಬಿಗೆ ಹಾಕಿ’ ಎಂಬ ಚೀಟಿ.
ಬ್ರೋಕನ್ ಹಿಲ್ಲಿನ ಜನವರಿ. ಶೆಡ್ಡಿನ ತಗಡು
ಮುಟ್ಟಿದರೆ ಚುರ್ರೆನ್ನುತ್ತದೆ.
ಪಡುವಣ ಗಾಳಿ ಕೆಮ್ಮಣ್ಣು ಹೊತ್ತು
ಸಂದಿಯಲ್ಲಿ ನುಸುಳಿ
ನನ್ನ ಸ್ಕ್ರೂಡ್ರೈವರುಗಳ ಮೇಲೆ ಬಂದು ಕೂರುತ್ತದೆ.

ಹೋದ ವರ್ಷದ ಬಿಯರು
ಉಗುರುಬಣ್ಣ ಅಳಿಸುವ ದ್ರವದ ಹಾಗಿತ್ತು.
ಗ್ವೆಂಡಾ ಒಂದು ಗುಟುಕು ಕುಡಿದು ‘ಚೆನ್ನಾಗಿದೆ’ ಎಂದಳು,
ಉಳಿದದ್ದನ್ನು ನನ್ನ ಜೆರೇನಿಯಂ ಬುಡಕ್ಕೆ ಸುರಿದಳು.
ಜೆರೇನಿಯಂ ಸತ್ತಿತು.
ಯೀಸ್ಟಿನದೇನೂ ತಪ್ಪಿಲ್ಲ. ಮೂವತ್ತೊಂದು ಡಿಗ್ರಿಯಲ್ಲಿ
ಯಾರು ತಾನೆ ನೆಟ್ಟಗೆ ಕೆಲಸ ಮಾಡುತ್ತಾರೆ?

ಅದಕ್ಕೇ ಈ ಪೆಟ್ಟಿಗೆ.
ರಾತ್ರಿಪಾಳಿಗೆ ಒಯ್ಯುತ್ತಿದ್ದ ನನ್ನ ಊಟದ ಡಬ್ಬಿ,
ಮುಚ್ಚಳದ ಮೇಲೆ ‘ನೋಲೀನ್, ಮುಟ್ಟಬೇಡಿ’.
ಒಳಗೆ ಬೆಂಕಿಪೊಟ್ಟಣದಷ್ಟು ಒಂದು ಬೋರ್ಡು,
ನೀಲಿ ರಿಲೇ ಎರಡು: ಒಂದು ಫ್ರಿಜ್ಜಿಗೆ,
ಇನ್ನೊಂದು, ಜುಲೈ ರಾತ್ರಿಗಳಿಗೆಂದು,
ಪೇಂಟು ಡಬ್ಬಿಯಲ್ಲಿ ಕೂತ ನಲವತ್ತು ವ್ಯಾಟಿನ ಬಲ್ಬಿಗೆ.
ಮೊದಮೊದಲ ಬೆಸುಗೆಗಳು ಸಿಂಬಳದ ಹಾಗೆ ಬಂದವು.
ಕೆರೆದು ತೆಗೆದೆ. ಹದಿನೇಳನೆಯದು ಹೊಳೆಯಿತು.

ಮೊದಲ ವಾರ ಸೆನ್ಸರನ್ನು ಗಾಳಿಯಲ್ಲಿ ತೂಗುಬಿಟ್ಟಿದ್ದೆ.
ಬಾಗಿಲು ತೆರೆದರೆ ಹೌಹಾರಿ ಇಪ್ಪತ್ತೆಂಟು,
ಮುಚ್ಚಿದರೆ ಹನ್ನೆರಡು.
ಟಕ್, ಶುರು. ಟಕ್, ಬಂದ್.
ಮೋಟಾರಿಗೆ ಬಿಕ್ಕಳಿಕೆ ಹತ್ತಿತು.
ಡ್ರಮ್ಮಿನೊಳಗಿನ ಇಪ್ಪತ್ಮೂರು ಲೀಟರು ಮಾತ್ರ
ತನ್ನ ಪಾಡಿಗೆ ತಾನು ಬಿಸಿಯೇರುತ್ತಿತ್ತು.
ಹುದುಗುವಾಗ ಅದು ತನ್ನ ಕಾವನ್ನು ತಾನೇ ಹುಟ್ಟಿಸಿಕೊಳ್ಳುತ್ತದೆ;
ಸುತ್ತಲ ಗಾಳಿಗೆ ಸುದ್ದಿ ತಲುಪುವಾಗ
ತಡವಾಗಿರುತ್ತದೆ.

ನಾಚಿಕೆಯಾಯಿತು.
ಇಪ್ಪತ್ತಾರು ವರ್ಷ ಮಾಡಿದ್ದು ಇದೇ ಕೆಲಸವಲ್ಲವೆ?
ಅವಧಿಗೆ ಮುಂಚೆ ಬಂದವರ ಕೋಣೆ, ಮೂರೇ ಮೂರು ಗಾಜಿನ ಪೆಟ್ಟಿಗೆ,
ಬೆರಳುದ್ದದ ತೊಡೆಗಳು.
ಹೊಸ ನರ್ಸುಗಳನ್ನು ನಾನೇ ಗದರುತ್ತಿದ್ದೆ:
ಗಾಳಿಯ ಮಾತು ಏನು ಕೇಳುತ್ತೀಯೆ, ಮಗುವನ್ನು ಕೇಳು.
ಹೊಟ್ಟೆಯ ಬಲಗಡೆ, ಪಕ್ಕೆಲುಬಿನ ಕೆಳಗೆ, ಚರ್ಮಕ್ಕೆ ತಾಗಿಸಿ ಸೆನ್ಸರು,
ಮೇಲೊಂದು ಬೆಳ್ಳಿ ಬಣ್ಣದ ಪಟ್ಟಿ.
ಕೂದಲೆಳೆಯಷ್ಟು ಸಡಿಲವಾದರೂ ಯಂತ್ರ ಮೋಸಹೋಗುತ್ತದೆ,
ಮಗು ತಣ್ಣಗಿದೆ ಎಂದುಕೊಂಡು
ಬೇಯಿಸಿಬಿಡುತ್ತದೆ.

ಡ್ರಮ್ಮಿನ ಮೈ ಒರೆಸಿದೆ. ಸ್ಪಿರಿಟ್ಟು, ಹತ್ತಿ.
ಅರ್ಧ ಎತ್ತರಕ್ಕೆ ಸೆನ್ಸರಿನ ಕಡ್ಡಿ, ಮೇಲೆ ಸ್ಪಂಜಿನ ತುಂಡು, ಪಟ್ಟಿ.
ಹೆಬ್ಬೆರಳಲ್ಲಿ ಒತ್ತಿ ಹತ್ತು ಎಣಿಸಿದೆ.
ಕೈ ಮರೆತಿರಲಿಲ್ಲ.
ಹದಿನೆಂಟು ಬೇಕು ಎಂದು ಬರೆದೆ.
ಅರ್ಧ ಡಿಗ್ರಿ ಆಚೀಚೆಯಾದರೆ ಸುಮ್ಮನಿರು,
ಹದಕ್ಕೂ ಒಂದಿಷ್ಟು ಅಗಲ ಬೇಕು.
ಒಮ್ಮೆ ನಿಂತ ಮೇಲೆ ಐದು ನಿಮಿಷ ಏಳಬೇಡ,
ಎಷ್ಟೇ ಸೆಕೆಯಾಗಲಿ.
ಯಂತ್ರ ಇಷ್ಟು ಕಲಿಯಲು ಮೂರು ಸಂಜೆ ಹಿಡಿಯಿತು.
ನನಗೆ ಎಷ್ಟು ವರ್ಷ ಹಿಡಿದಿತ್ತೋ.

ವೈರಿಂಗು ನೋಡಲು ಲಾಕ್ಲನ್ ಟ್ರೆಂಬಾತ್ ಬಂದ,
ಶೆಡ್ಡಿನ ಬಾಗಿಲಿಗೆ ತಲೆ ಬಗ್ಗಿಸಬೇಕಾದ ಆಳು.
‘ಅರ್ಥ್ ತಂತಿ ಎಲ್ಲಿ? ಸಾಯಬೇಕಂತ ಇದ್ದೀಯಾ?’
ಹಸಿರು-ಹಳದಿ ತಂತಿಯನ್ನು ಬಿಗಿದು,
ದುಡ್ಡು ಬೇಡ, ಎರಡು ಬಾಟಲಿ ಎತ್ತಿಡು ಎಂದ.
ಸಾವಿರದ ನಾನೂರ ತೊಂಬತ್ತು ಗ್ರಾಂ. ಕಿಟಕಿ ಪಕ್ಕದ ಪೆಟ್ಟಿಗೆ.
ಧೂಳಿನ ಬಿರುಗಾಳಿಗೆ ಅಡಿಲೇಡಿನ ವಿಮಾನ ಇಳಿಯಲಾಗದೆ
ಎರಡು ರಾತ್ರಿ ನಮ್ಮಲ್ಲೇ ಇದ್ದವನು.
ಪಟ್ಟಿ ಕಿತ್ತ ಜಾಗ ಕೆಂಪಗೆ, ಚೌಕಾಕಾರ.
ಹೇಳಲಿಲ್ಲ.
ಟಾರ್ಚು ಹಿಡಿದು ನಿಂತಿದ್ದೆ.

ರಾತ್ರಿ ಎರಡಕ್ಕೆ ಎಚ್ಚರ, ಹಳೆಯ ಚಾಳಿ.
ಬರಿಗಾಲಲ್ಲೇ ಹೋದೆ. ಸಿಮೆಂಟು ಇನ್ನೂ ಬೆಚ್ಚಗಿತ್ತು.
ಡಬ್ಬಿಯ ಕಿಂಡಿಯಲ್ಲಿ ಕೆಂಪು ಅಂಕಿ.
ಗಾಳಿಕೊಳವೆ ಗುಳುಕ್ ಎಂದಿತು.
ಕಾದೆ. ಮತ್ತೊಂದು ಗುಳುಕ್.
ನಡುವಿನ ಸೆಕೆಂಡುಗಳನ್ನು ಎಣಿಸುತ್ತಿದ್ದೇನೆಂದು
ಆಮೇಲೆ ಗೊತ್ತಾಯಿತು.
ಚಾರ್ಟಿಗಾಗಿ ಕೈ ತಡವಿತು; ಸಿಕ್ಕಿದ್ದು ಹಾಲಿನ ದುಡ್ಡಿನ ಚೀಟಿ.
ಅದರ ಮೂಲೆಯಲ್ಲೇ ಪೆನ್ಸಿಲಿನಿಂದ ಬರೆದೆ:
ಎರಡೂ ಹತ್ತು. ಹದಿನೆಂಟೂ ಚಿಲ್ಲರೆ.
ಉಸಿರಾಟ ಸರಿ.