ಸ್ವಿಚ್ಚಿನ ಮೇಲೆ ಬಸವನಹುಳು

ಹಲ್ಲಿನ ಡಾಕ್ಟರು ಕ್ಲಿನಿಕ್ ಎತ್ತಿದಾಗ
ಕುರ್ಚಿಯನ್ನು ಯಾರೋ ಒಯ್ದರು. ತೊಟ್ಟಿ ನನಗೆ ಬಂತು,
ಜೊತೆಗೆ ಆರು ಏಂಜೆಲ್ ಮೀನು.
ಬಾಯಿ ತೆರೆದ ಮುಖಗಳನ್ನೇ ನೋಡಿ ಬೆಳೆದವು;
ಬಾಯಿ ಮುಚ್ಚಿ ಎದುರು ನಿಂತರೆ
ಇವಳಿಗೇನಾಗಿದೆ ಎಂಬಂತೆ ತಿರುಗುತ್ತವೆ.

ಕಂಟ್ರೋಲರ್ ಪೆಟ್ಟಿಗೆ ಅಂಗೈ ಅಗಲ.
ದೀಪ, ಹೀಟರು, ಗಾಳಿಪಂಪು ಅದರ ಸುಪರ್ದಿಗೆ.
ಬೆನ್ನಲ್ಲಿ ಎರಡು ತೂತು ಖಾಲಿ.
ಏನು ಬೇಕಾದರೂ ಸಿಕ್ಕಿಸು, ಅದಕ್ಕೆ ತಿಳಿಯುವುದು ಇಷ್ಟೇ:
ತಂತಿ ಕೂಡಿದೆ. ತಂತಿ ಕೂಡಿಲ್ಲ.
ಇಷ್ಟು ಕಮ್ಮಿ ಮಾತಿನವರನ್ನು
ಮೆಚ್ಚದೆ ಇರುವುದು ಹೇಗೆ?

ಎಸ್.ಪಿ. ರೋಡಿನ ಓಣಿ. ಒಬ್ಬರು ಹೊರಬಂದರೆ
ಒಬ್ಬರು ಒಳಹೋಗುವಷ್ಟು ಅಂಗಡಿ.
ಬಾಬಾಜಾನ್ ಬಿಸ್ಕತ್ತಿನ ಡಬ್ಬಿ ಕುಲುಕಿ
ಫ್ಲೋಟ್ ಸ್ವಿಚ್ಚೊಂದನ್ನು ಹೆಕ್ಕಿ ಕೊಟ್ಟ:
‘ಎಪ್ಪತ್ತು ರೂಪಾಯಿ ಅಮ್ಮಾ,
ವಾರಂಟಿ ಈ ಬಾಗಿಲ ತನಕ.’

ಮನೆಗೆ ತಂದು ಬಲ್ಬಿಗೆ ಹಿಡಿದೆ.
ಕಾಂಡದೊಳಗೆ ಹಲ್ಲುಕಡ್ಡಿಯಷ್ಟು ಗಾಜಿನ ನಳಿಗೆ,
ಅದರೊಳಗೆ ತಾಗಿಯೂ ತಾಗದ ಎರಡು ನಾಲಗೆ.
ಅಯ್ಯೋ, ನೀನಾ!

ದೂರವಾಣಿನಗರದ ಶೆಡ್ಡಿನಲ್ಲಿ ಇಪ್ಪತ್ತಾರು ವರ್ಷ
ಇಂಥವನ್ನೇ ಸುರುಳಿಯೊಳಗೆ ಕೂರಿಸಿದವಳು ನಾನು.
ಯಾವುದೋ ಊರಿನ ಯಾರೋ
ಇನ್ಯಾರಿಗೋ ಹಲೋ ಅನ್ನಲೆಂದು
ಈ ನಾಲಗೆಗಳು ಟಿಕ್ ಎಂದು ಕೂಡುತ್ತಿದ್ದವು.
ಈಗ ಕರೆ ಮಾಡುವುದು ನೀರು.

ಕೈ ನಡುಗುತ್ತದೆ, ಸುಳ್ಳೇಕೆ.
ಆದರೆ ಸೋಲ್ಡರಿನ ರಾಳ ಹೊಗೆಯಾಗಿ
ಮೂಗಿಗೆ ತಾಗಿದ್ದೇ ಬೆರಳಿಗೆ ಶಿಫ್ಟು ನೆನಪಾಯಿತು.
ಮೊದಲನೇ ಬೆಸುಗೆ ಮಂಕು. ಎರಡನೆಯದು
ಹೊಳೆಯಿತು, ಬೆಳ್ಳಿ ಮೂಗುಬೊಟ್ಟು.

ಇನ್ನೊಂದು ಮಾತು, ತಂತಿ ಎಳೆಯುವವರಿಗೆ:
ಪ್ಲಗ್ಗಿಗೆ ಏರುವ ಮುನ್ನ ಅದು ಒಮ್ಮೆ ತಗ್ಗಿ ಬಾಗಬೇಕು.
ಬಾಗಿದಲ್ಲಿ ಹನಿ ನೆಲಕ್ಕೆ ಉದುರಿ ಹೋಗಲಿ.
ಬಿಗಿಯಾಗಿ ನೇರ ಎಳೆದಿರೋ
ನೀರು ವಿಳಾಸ ಕೇಳಿಕೊಂಡು ಮನೆಗೇ ಬರುತ್ತದೆ.

ಮೊದಲು ತಲೆಕೆಳಗಾಗಿ ಕೂರಿಸಿದ್ದೆ.
ತುಂಬಿದ ತೊಟ್ಟಿಯನ್ನು ಬರಿದು ಎಂದಿತು.
ತಿರುವಿ ಹಾಕಿದೆ. ಅದೇ ಗಾಜು, ಅದೇ ನಾಲಗೆ,
ಉತ್ತರ ಬೇರೆ. ನಕ್ಕೆ, ಒಬ್ಬಳೇ.

ಗುರುವಾರ ಬಂದ ಕಾವೇರಿ ನೀಲಿ ಡ್ರಮ್ಮಿನಲ್ಲಿ
ಎರಡು ದಿನ ಕ್ಲೋರಿನ್ ಕಳೆದುಕೊಂಡು ಕೂತಿತ್ತು.
ಶನಿವಾರ ರಾತ್ರಿ ಪಂಪಿಗೆ ಕೊಳವೆ ಜೋಡಿಸಿ
ಇನ್ನು ನೀವುಂಟು, ಪೆಟ್ಟಿಗೆಯುಂಟು ಎಂದು ಮಲಗಿದೆ.

ಮೂರು ಗಂಟೆಗೆ ಬಾಗಿಲು ಬಡಿದವಳು
ಕೆಳಮನೆಯ ಫಿಲೋಮಿನಾ, ನೈಟಿಯ ಮೇಲೆ ಟವೆಲು:
‘ರೀ, ನಿಮ್ ಮೀನಿನ ನೀರು
ನಮ್ ಟೀವಿ ಮೇಲೆ ಬರ್ತಿದೆ.’

ಮೊಣಕಾಲೂರಿ ಟಾರ್ಚು ಹಿಡಿದೆ.
ಬೆಸುಗೆ ಸರಿ. ತಂತಿ ಸರಿ. ಪೆಟ್ಟಿಗೆ ಸರಿ.
ಕಾಂಡಕ್ಕೂ ತೇಲುಬಿಲ್ಲೆಗೂ ನಡುವೆ
ಕಡಲೆಕಾಳಿನಷ್ಟು ಬಸವನಹುಳು
ಮನೆ ಸಮೇತ ಬಂದು ಕೂತಿತ್ತು.
ಬಿಲ್ಲೆ ಮೇಲೇಳಲಾರದು, ನಾಲಗೆ ಬಿಡಲಾರದು.
ನೀರು ಕಮ್ಮಿ, ನೀರು ಕಮ್ಮಿ, ನೀರು ಕಮ್ಮಿ.
ಪೆಟ್ಟಿಗೆ ನಂಬಿತು.
ನಂಬುವುದಷ್ಟೇ ಅದರ ಕೆಲಸ,
ಯಾರು ಹೇಳಿದರೆಂದು ಅದಕ್ಕೆ ತೂತಿಲ್ಲ.

ಇನ್‌ಸ್ಪೆಕ್ಷನ್ನಿನ ಅರೋಕ್ಯಸ್ವಾಮಿ ಅನ್ನುತ್ತಿದ್ದ,
‘ಒಂದು ಕಾಂಟ್ಯಾಕ್ಟ್ ಮಾತು ಕಟ್ಕೊಂಡು ಸಹಿ ಹಾಕ್ಬೇಡ.’
ನಿವೃತ್ತಿಯ ದಿನ ಹಾರದ ಜೊತೆ
ಇದನ್ನೂ ಅಲ್ಲೇ ಮರೆತು ಬಂದಿದ್ದೆ.

ಈಗ ಎರಡು ಬೆರಳು ಎತ್ತರದಲ್ಲಿ ಇನ್ನೊಂದು ಸ್ವಿಚ್ಚು,
ಮೊದಲಿನದರ ಬೆನ್ನಿಗೆ ಪೋಣಿಸಿದ್ದೇನೆ.
ಇಬ್ಬರೂ ಕಮ್ಮಿ ಎಂದರೆ ಮಾತ್ರ ಪಂಪು ಏಳುತ್ತದೆ.
ಕೆಳಗಿನದಕ್ಕೆ ಟೀ ಸೋಸುವ ಜಾಲರಿಯನ್ನು
ಹಿಡಿ ಕತ್ತರಿಸಿ ತೊಡಿಸಿದ್ದೇನೆ.

ಫಿಲೋಮಿನಾ ಮೇಲೆ ಬಂದಳು, ಟೀವಿಯ ಬಿಲ್ಲಿನೊಂದಿಗೆ.
ಬಟ್ಟೆಯಲ್ಲಿ ಸೋಸಿದ ಟೀ ಕೊಟ್ಟೆ.
‘ಯಾವುದ್ರೀ ಅದು?’ ಎಂದಳು.
ತೋರಿಸಿದೆ. ಗಾಜಿನ ಗೋಡೆಯಲ್ಲಿ
ಎರಡನೇ ಸ್ವಿಚ್ಚಿಗೆ ಇನ್ನೂ ನಾಲ್ಕು ಇಂಚು ಕೆಳಗೆ,
ಅವಸರವಿಲ್ಲದೆ.