ಕೊಸರು

ಚಿಂತಾಮಣಿಯ ಮಾರ್ಕೆಟ್ ಯಾರ್ಡಿನ ಹಿಂದೆ
ತಕ್ಕಡಿ ರಿಪೇರಿ ನನ್ನದು. ಅಪ್ಪನದೂ ಅದೇ.
ಲೈಸೆನ್ಸು ರಿನ್ಯೂ ಮಾಡಲು ಈಮೇಲು ಬೇಕು ಅಂದರು ಇಲಾಖೆಯವರು.
ಎದುರಿಗೇ ನೂರುಲ್ಲಾನ ಸೈಬರ್ ಸೆಂಟರು,
ಎರಡು ಕಂಪ್ಯೂಟರು, ಒಂದು ಫ್ಯಾನು, ಗಂಟೆಗೆ ಇಪ್ಪತ್ತು.

"ಹೆಸರು ಹೇಳಣ್ಣ."
"ಪಿಳ್ಳಪ್ಪ."
"ಅದನ್ನ ಆಗಲೇ ಯಾರೋ ತಗೊಂಡವ್ರೆ."
ನಮ್ಮ ತಾತನ ಹೆಸರು ಕಣೋ ಅದು, ಯಾವನು ತಗೊಂಡ?
ಕೊನೆಗೆ ಹೆಸರಿನ ಬಾಲಕ್ಕೆ ಮೂರು ಅಂಕಿ ಕಟ್ಟಿದ.

ಆಗ ಕಂಡಿತು ಪರದೆಯ ಮೇಲೊಂದು ಸಂಖ್ಯೆ:
ಎರಡು ಸಾವಿರದ ಆರುನೂರ ಐವತ್ತಾರು, ಆಮೇಲೊಂದು ಚುಕ್ಕಿ,
ಚುಕ್ಕಿಯ ಆಚೆ ನಿಲ್ಲದೆ ಓಡುವ ಅಂಕಿಗಳು.
"ನಿಮ್ಮ ಜಾಗ ಅಣ್ಣ. ಪುಕ್ಕಟೆ. ಕ್ಷಣಕ್ಕಿಷ್ಟು ಅಂತ ಜಾಸ್ತಿ ಮಾಡ್ತಾರೆ."
ಅರ್ಧ ಗಂಟೆ ನೋಡಿದೆ, ಹತ್ತು ರೂಪಾಯಿ ಕೊಟ್ಟು.
ಯಾರೂ ಏನೂ ಇಡದ ತಟ್ಟೆ,
ಏರುತ್ತಲೇ ಇರುವ ತೂಕ.
ಅಂಥ ತಕ್ಕಡಿ ಅಂಗಡಿಗೆ ಬಂದರೆ
ಮೊದಲು ಬಿಚ್ಚುತ್ತೇನೆ, ಆಮೇಲೆ ಮಾತು.

ಅಪ್ಪ ಹೇಳುತ್ತಿದ್ದ: ಕಣದಲ್ಲಿ ರಾಗಿ ಅಳೆಯುವಾಗ
ಮೊದಲ ಕೊಳಗಕ್ಕೆ ಒಂದು ಅನ್ನಬಾರದು,
ಲಾಭ ಅನ್ನಬೇಕು. ಎರಡಕ್ಕೆ ಎರಡು.
ಸೇರು ಅಳೆದಾದ ಮೇಲೆ ಒಂದು ಹಿಡಿ ಕೊಸರು,
ಅದೂ ಕೊಂಡವನಿಗೆ.
ಕೊಳ್ಳದವನಿಗೆ ಕೊಸರು ಕೊಡುವವನು ಸಿಕ್ಕರೆ
ಅವನ ಸೇರಿನ ತಳ ತಟ್ಟಿ ನೋಡು.

ಅಷ್ಟರಲ್ಲಿ ಇನ್ನೊಂದು ಕಂಪನಿ ಕೂಗಿತು:
ನಮ್ಮಲ್ಲಿ ಅಳತೆಯೇ ಇಲ್ಲ, ಅನ್‌ಲಿಮಿಟೆಡ್!
ಸೀಲು ಹಾಕಲು ಬಂದ ಇನ್‌ಸ್ಪೆಕ್ಟರ್ ಅಶ್ವತ್ಥನಾರಾಯಣರನ್ನು ಕೇಳಿದೆ,
ಸಾರ್, ಅಳತೆಯಿಲ್ಲ ಅಂತ ಬೋರ್ಡು ಹಾಕಿದರೆ ನನಗೆ ಕೇಸು.
ಇವರಿಗೆ?
ಟೀ ಲೋಟ ಕೆಳಗಿಟ್ಟು ನಕ್ಕರು,
"ಅದು ನನ್ನ ತಾಲೂಕಿಗೆ ಬರಲ್ಲ ಪಿಳ್ಳಪ್ಪ."

ಓಡುತ್ತಿದ್ದ ಅಂಕಿ ಯಾವತ್ತು ನಿಂತಿತೋ, ಯಾರೂ ಸಾರಲಿಲ್ಲ.
ಈಗ ಫೋನಿನಲ್ಲಿ ದಿನಾ ಕೆಂಪಕ್ಷರ:
ತೊಂಬತ್ತೇಳು ಪರ್ಸೆಂಟು ತುಂಬಿದೆ,
ಜಾಗ ಬೇಕಾದರೆ ತಿಂಗಳಿಗೆ ಇಷ್ಟು.
ಏನು ತುಂಬಿದೆ ಅಂತ ಮುಚ್ಚಳ ತೆಗೆದೆ.
ಸಾಲ ಕೊಡುತ್ತೇವೆ, ಕೂದಲು ಬೆಳೆಸುತ್ತೇವೆ,
ಸೈಟು, ಚೀಟಿ, ಬಾಚಣಿಗೆಗೆ ಅರ್ಧ ಬೆಲೆ.
ಹನ್ನೊಂದು ಸಾವಿರ, ಒಂದನ್ನೂ ಓದಿಲ್ಲ.
ನನ್ನ ಚೀಲಕ್ಕೆ ಅವರೇ ಹೊಟ್ಟು ಸುರಿದು
ಚೀಲ ಸಾಲದು, ಹೊಸದು ಕೊಳ್ಳು ಅಂತಾರೆ.

ಅಳಿಸಿದೆ. ಮೂರು ರಾತ್ರಿ ಕೂತು ಅಳಿಸಿದೆ, ಹೆಬ್ಬೆರಳು ಜೋಮು ಹಿಡಿಯಿತು.
ಎಲ್ಲಕ್ಕಿಂತ ಕೆಳಗೆ, ಚೀಲದ ಮೂಲೆಯಲ್ಲಿ ಸಿಕ್ಕಿದ ಕಾಳಿನಂತೆ,
ನೂರುಲ್ಲಾ ಅವತ್ತು ಪಕ್ಕದ ಕಂಪ್ಯೂಟರಿನಿಂದ ಕಳಿಸಿದ್ದು:
"ಬಂತಾ?"

ಒಂದೇ ಮಾತು. ಗುಂಜಿಯಷ್ಟೂ ತೂಗದು.
ಸೈಬರ್ ಮುಚ್ಚಿ ಈಗ ಟೊಮ್ಯಾಟೊ ಕ್ರೇಟು ಬಾಡಿಗೆಗೆ ಕೊಡುತ್ತಾನೆ,
ಕಳೆದ ವಾರ ಅವನ ತಕ್ಕಡಿ ನನ್ನಲ್ಲಿ ಬಿಟ್ಟು ಹೋದ:
ಖಾಲಿ ಇದ್ದಾಗಲೂ ಇನ್ನೂರು ಗ್ರಾಂ ತೋರಿಸುತ್ತೆ.

ಸೊನ್ನೆಗೆ ತಂದಿಟ್ಟಿದ್ದೇನೆ.
ಸಂಜೆ ಬರುತ್ತಾನೆ.